ನೋ ಲಿಮಿಟ್ ರೆಕಾರ್ಡ್ಸ್: ಅಂಗಡಿಯಲ್ಲಿ ಹುಟ್ಟಿದ ಲೇಬಲ್ಲಿನ ಸರಕು ಹೇಗಿದೆ?

ಅಮೆರಿಕದ ರ‍್ಯಾಪ್ ಲೇಬಲ್, ಅಂದರೆ ಹಾಡುಗಳನ್ನು ಧ್ವನಿಮುದ್ರಿಸಿ ಮಾರುವ ಕಂಪನಿಯಾದ, ನೋ ಲಿಮಿಟ್ ರೆಕಾರ್ಡ್ಸ್ ಹೊರತಂದ ಆಲ್ಬಂಗಳನ್ನು ಕಲಾಕೃತಿಗಳೆಂದು ಮಾತ್ರ ಎಣಿಸಿ ಕೇಳಲು ಕುಳಿತವರಿಗೆ ಬೇಗನೆ ಬೇಸರ ಬರುತ್ತದೆ. ಅವುಗಳನ್ನು ಅಂಗಡಿಯ ಸರಕೆಂದು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಒಳಗಿನ ಹಾಳೆಗಳನ್ನು ಬಿಡಿಸಿ ನೋಡಿದವರಿಗೆ ಈ ಲೇಬಲ್ಲಿನ ಜಾಣ್ಮೆಯೂ ಐಬೂ ಒಟ್ಟಿಗೇ ಕಾಣಿಸುತ್ತವೆ. ಈ ಲೇಬಲ್ ಕಟ್ಟಿದ, ಮಾಸ್ಟರ್ ಪಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಪರ್ಸಿ ಮಿಲ್ಲರ್ ರ‍್ಯಾಪರ್ ಆಗಿ ಸಾಧಾರಣರು, ವ್ಯಾಪಾರಿಯಾಗಿ ಅಸಾಧಾರಣರು. ಆದ್ದರಿಂದ ಲೇಬಲ್ಲಿನ ಇತಿಹಾಸವನ್ನು ಬದಿಗಿಟ್ಟು ಅದರ ಸಿಡಿಗಳನ್ನು ತೂಗಲು ಬರುವುದಿಲ್ಲ. 1996ರಿಂದ 1999ರವರೆಗಿನ ಮುಖ್ಯ ಬಿಡುಗಡೆಗಳನ್ನು ಇಲ್ಲಿ ಕೊಳ್ಳುವವರ ಕಣ್ಣಿನಿಂದಲೇ ನೋಡಿದ್ದೇನೆ.

ಮಿಲ್ಲರ್ ಹುಟ್ಟಿ ಬೆಳೆದದ್ದು ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ ಕ್ಯಾಲಿಯೋಪ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಅಜ್ಜನ ಸಾವಿನ ಪರಿಹಾರವಾಗಿ ಕೈಗೆ ಬಂದ 10,000 ಡಾಲರ್ ಹಣದಿಂದ ಅವರು ಕ್ಯಾಲಿಫೋರ್ನಿಯಾದ ರಿಚ್ಮಂಡ್ ಪಟ್ಟಣದಲ್ಲಿ ಕ್ಯಾಸೆಟ್ ಮತ್ತು ರೆಕಾರ್ಡ್ ಮಾರುವ ಪುಟ್ಟ ಅಂಗಡಿ ತೆರೆದರು. ನೋ ಲಿಮಿಟ್ ಎಂಬ ಹೆಸರು ಮೊದಲು ಬಿದ್ದದ್ದು ಆ ಅಂಗಡಿಗೆ. ಪಕ್ಕದ ಓಕ್ಲಂಡಿನಲ್ಲಿ ಟೂ ಶಾರ್ಟ್, ವಲ್ಲೇಹೋ ಊರಿನಲ್ಲಿ ಇ-ಫಾರ್ಟಿ ಮೊದಲಾದ ರ‍್ಯಾಪರ್‌ಗಳು ದೊಡ್ಡ ಕಂಪನಿಗಳನ್ನು ಕಾಯದೆ ತಮ್ಮ ಕ್ಯಾಸೆಟ್‌ಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಾವೇ ಮಾರುತ್ತಿದ್ದ ಕಾಲವದು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಿಗೆ ರೇಡಿಯೋದಲ್ಲಿ ಒಮ್ಮೆಯೂ ಕೇಳಿಸದ ಯಾವ ಕ್ಯಾಸೆಟ್ ಬಿಸಿದೋಸೆಯಂತೆ ಖರ್ಚಾಗುತ್ತದೆ, ಗಿರಾಕಿ ಯಾವ ಚಿತ್ರ ಕಂಡು ಕೈ ಚಾಚುತ್ತಾನೆ ಎಂಬುದು ದಿನವೂ ತಿಳಿಯುತ್ತಿತ್ತು. ಮಿಲ್ಲರ್ ತಮ್ಮ ಮೊದಲ ಆಲ್ಬಂ ಹೊರತಂದದ್ದು 1991ರಲ್ಲಿ. ಆರಂಭದ ಧ್ವನಿಮುದ್ರಣಗಳು ಒರಟಾಗಿವೆ, ಅಲ್ಲಲ್ಲಿ ಇತರರ ಅನುಕರಣೆಯೂ ಇದೆ. ಸಂಗ್ರಹಕಾರರಲ್ಲದವರು ಅವುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಅವುಗಳಿಗಿಂತ ಗಮನಾರ್ಹವಾದವು 1994 ಮತ್ತು 1995ರ ಸಂಕಲನಗಳು. ‘ವೆಸ್ಟ್ ಕೋಸ್ಟ್ ಬ್ಯಾಡ್ ಬಾಯ್ಸ್’ ಪಶ್ಚಿಮ ಕರಾವಳಿಯ ರ‍್ಯಾಪರ್‌ಗಳನ್ನು, ‘ಡೌನ್ ಸೌತ್ ಹಸ್ಲರ್ಸ್’ ದಕ್ಷಿಣದವರನ್ನು ಒಂದೆಡೆ ಸೇರಿಸಿದವು. ಆಯಾ ಊರಿನಲ್ಲಿ ಆಗಲೇ ಹೆಸರು ಮಾಡಿದವರ ಹಾಡುಗಳ ನಡುವೆ ತನ್ನ ಮನೆಯವರ, ಅಂದರೆ ಲೇಬಲ್ಲಿನವರ, ಹಾಡುಗಳನ್ನು ಸೇರಿಸಿಟ್ಟರೆ, ಒಬ್ಬರಿಗಾಗಿ ಬಂದ ಗಿರಾಕಿ ಇನ್ನೊಬ್ಬರನ್ನೂ ಕೇಳಿಯೇ ತೀರುತ್ತಾನೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

1991ರ ಮೇ ತಿಂಗಳಿನಿಂದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿ ಅಂಗಡಿಯವರ ಅಂದಾಜನ್ನು ಬಿಟ್ಟು ಸೌಂಡ್‌ಸ್ಕ್ಯಾನ್ ವ್ಯವಸ್ಥೆಯ ಬಾರ್‌ಕೋಡ್ ಲೆಕ್ಕವನ್ನು ನೆಚ್ಚಿಕೊಂಡದ್ದು ಇಂಥ ಲೇಬಲ್ಲುಗಳಿಗೆ ವರವಾಯಿತು, ಏಕೆಂದರೆ ಪ್ರಚಾರವಿಲ್ಲದೆ ಮಾರಾಟವಾದ ಸರಕೂ ಆಗ ಲೆಕ್ಕಕ್ಕೆ ಬರತೊಡಗಿತು. 1996ರಲ್ಲಿ ಲಾಸ್ ಏಂಜಲೀಸಿನ ಪ್ರಯಾರಿಟಿ ರೆಕಾರ್ಡ್ಸ್ ಜತೆ ಮಿಲ್ಲರ್ ಮಾಡಿಕೊಂಡ ವಿತರಣಾ ಒಪ್ಪಂದವನ್ನು ಸಂಗೀತ ವ್ಯಾಪಾರದ ಚರ್ಚೆಗಳಲ್ಲಿ ಇಂದಿಗೂ ಉದಾಹರಿಸುತ್ತಾರೆ. ಸಾಮಾನ್ಯವಾಗಿ ಹೊಸ ರ‍್ಯಾಪರ್ ಮುಂಗಡ ಹಣ ಪಡೆದು, ಆ ಮುಂಗಡ ತೀರುವವರೆಗೆ ಬಿಡಿಗಾಸನ್ನೂ ಕಾಣದೆ, ತೀರಿದ ಮೇಲೆ ಮಾರಾಟದ ಸಣ್ಣದೊಂದು ಪಾಲಿಗೆ ಕೈಯೊಡ್ಡುತ್ತಾನೆ. ಮೂಲ ಧ್ವನಿಮುದ್ರಣದ ಒಡೆತನ ಕಂಪನಿಯದೇ ಆಗಿರುತ್ತದೆ. ಮಿಲ್ಲರ್ ಈ ಕ್ರಮವನ್ನು ತಲೆಕೆಳಗು ಮಾಡಿದರು. ಧ್ವನಿಮುದ್ರಣದ ಖರ್ಚನ್ನು ತಾವೇ ಹೊತ್ತರು, ಸರಕನ್ನು ಅಂಗಡಿಗಳಿಗೆ ತಲುಪಿಸುವ ಕೆಲಸವನ್ನಷ್ಟೇ ಪ್ರಯಾರಿಟಿಗೆ ಒಪ್ಪಿಸಿದರು, ಮೂಲ ಧ್ವನಿಮುದ್ರಣಗಳ ಹಕ್ಕನ್ನು ಬಿಟ್ಟುಕೊಡಲಿಲ್ಲ. ಹಣದಲ್ಲಿ ಶೇ 85ರಷ್ಟು ನೋ ಲಿಮಿಟ್‌ಗೆ, ಶೇ 15ರಷ್ಟು ವಿತರಕರಿಗೆ ಎಂಬುದು ಎಲ್ಲೆಡೆ ವರದಿಯಾಗಿರುವ ಹಂಚಿಕೆ.

ಈ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಿಲ್ಲರ್ ಅವರದೇ ಆದ 1997ರ ‘ಘೆಟ್ಟೊ ಡಿ’ ಸಿಡಿಯನ್ನು ಕೈಗೆತ್ತಿಕೊಳ್ಳಬೇಕು. ನೋ ಲಿಮಿಟ್ ಮುಖಪುಟಗಳೆಂದರೆ ಮೊದಲು ನೆನಪಾಗುವುದು ಹ್ಯೂಸ್ಟನ್ನಿನ ಪೆನ್ ಅಂಡ್ ಪಿಕ್ಸೆಲ್ ಸಂಸ್ಥೆಯ ಕೈಚಳಕ: ವಜ್ರ ಜಡಿದಂತೆ ಹೊಳೆಯುವ ಅಕ್ಷರಗಳು, ಒಂದರ ಮೇಲೊಂದು ಅಂಟಿಸಿದ ಮುಖಗಳು, ಬೆಂಕಿ, ಹೊಗೆ, ಚಿನ್ನ, ಮೂಲೆಯಲ್ಲಿ ಲೇಬಲ್ಲಿನ ಗುರುತಾದ ಸೇನಾ ಟ್ಯಾಂಕು. ಅಭಿರುಚಿಯ ಮಾತು ಬೇರೆ. ನೂರಾರು ಸಿಡಿಗಳು ಸಾಲಾಗಿ ನಿಂತಿರುವ ಅಂಗಡಿಯ ಕಪಾಟಿನಲ್ಲಿ ಇವು ಹತ್ತು ಹೆಜ್ಜೆ ದೂರದಿಂದಲೇ ಕಣ್ಣಿಗೆ ಬೀಳುತ್ತಿದ್ದವು. ಒಳಗಿನ ಹಾಳೆಗಳು ಇನ್ನೂ ಸ್ವಾರಸ್ಯಕರ. ಹಾಡಿನ ಸಾಹಿತ್ಯವೋ ಕಲಾವಿದನ ಛಾಯಾಚಿತ್ರಗಳೋ ಇರಬೇಕಾದ ಜಾಗದಲ್ಲಿ, ನೋ ಲಿಮಿಟ್ ಸಿಡಿಗಳ ಹಾಳೆ ಬಿಡಿಸಿದಂತೆಲ್ಲ ಅದೇ ಲೇಬಲ್ಲಿನ ಮುಂದಿನ ಆಲ್ಬಂಗಳ ಮುಖಪುಟಗಳು ಜಾಹೀರಾತಾಗಿ ಮೂಡುತ್ತವೆ. ಅವುಗಳಲ್ಲಿ ಕೆಲವನ್ನು ಆಗಿನ್ನೂ ಧ್ವನಿಮುದ್ರಿಸಿಯೇ ಇರಲಿಲ್ಲವೇನೋ ಎನ್ನಿಸುವಷ್ಟು ಧಾರಾಳವಾಗಿ ಈ ಪ್ರಕಟಣೆಗಳು ಹರಿದಿವೆ. ಹೀಗೆ ಗಿರಾಕಿ ತನ್ನ ದುಡ್ಡು ಕೊಟ್ಟು ಮುಂದಿನ ಸರಕಿನ ಕರಪತ್ರವನ್ನು ಮನೆಗೆ ಒಯ್ಯುತ್ತಿದ್ದ.

ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದ ಹಾಡಿನ ಪ್ರಮಾಣ ಕಡಿಮೆಯೇನಲ್ಲ. ‘ಘೆಟ್ಟೊ ಡಿ’ ಒಂದು ಸಿಡಿಯ ಪೂರ್ಣ ಮಿತಿಯಾದ 80 ನಿಮಿಷಗಳಿಗೆ ಸಮೀಪ ಓಡುತ್ತದೆ. ಬಹುತೇಕ ಹಾಡುಗಳಲ್ಲಿ ಇಬ್ಬರೋ ಮೂವರೋ ಅತಿಥಿಗಳಿದ್ದಾರೆ, ಹೆಚ್ಚಿನವರು ಅದೇ ಮನೆಯವರು. ಆಲ್ಬಂ ಮೊದಲ ವಾರದಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ನನ್ನ ಎಣಿಕೆಯಲ್ಲಿ ಇದರ ಮೂರನೇ ಒಂದು ಭಾಗವನ್ನು ಕತ್ತರಿಸಿದ್ದರೆ ಇದೊಂದು ಅಪ್ರತಿಮ ಆಲ್ಬಂ ಆಗುತ್ತಿತ್ತು. ಆದರೆ ಕತ್ತರಿಸುವುದು ಈ ಮನೆಯ ರೂಢಿಯೇ ಆಗಿರಲಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ, ಈ ಲೇಬಲ್ಲಿನ ನಿಜವಾದ ಬಂಡವಾಳ ಬೀಟ್ಸ್ ಬೈ ದ ಪೌಂಡ್ ಎಂಬ ನಿರ್ಮಾಪಕರ ತಂಡ. ಕೆಎಲ್‌ಸಿ, ಮೋ ಬಿ ಡಿಕ್, ಕ್ರೇಗ್ ಬಿ ಮತ್ತು ಒಡೆಲ್ ಎಂಬ ನಾಲ್ವರು ಲೂಸಿಯಾನಾದಲ್ಲಿ ಕುಳಿತು, ಲೇಬಲ್ಲಿನ ಬಹುಪಾಲು ಹಾಡುಗಳಿಗೆ ಸಂಗೀತ ಕಟ್ಟಿದರು. ಹೊರಗಿನ ನಿರ್ಮಾಪಕರಿಗೆ ಹಾಡೊಂದಕ್ಕೆ ಇಷ್ಟೆಂದು ದುಬಾರಿ ಶುಲ್ಕ ತೆರುವ ಪ್ರಮೇಯವೇ ಇರಲಿಲ್ಲ. ಅವರ ಸಾಮರ್ಥ್ಯ ಏನೆಂಬುದು ಇದೇ ಆಲ್ಬಮ್ಮಿನ ‘ಮೇಕ್ ಎಮ್ ಸೇ ಅಹ್’ ಹಾಡಿನಲ್ಲಿ ನಿಚ್ಚಳವಾಗಿ ಕೇಳಿಸುತ್ತದೆ. ಡ್ರಮ್ ಮೇಜರ್ ಎಂದೇ ಕರೆಸಿಕೊಂಡ ಕೆಎಲ್‌ಸಿ ಇಲ್ಲಿ ನ್ಯೂ ಆರ್ಲಿಯನ್ಸಿನ ಮೆರವಣಿಗೆಯ ವಾದ್ಯವೃಂದಗಳ ನಡೆಯನ್ನು ಯಂತ್ರದ ಡ್ರಮ್ಮುಗಳಿಗೆ ತುಂಬಿದ್ದಾರೆ. ಸ್ನೇರ್ ಡ್ರಮ್ ಪಟಪಟನೆ ಉರುಳುತ್ತದೆ, ಅದರಡಿಯಲ್ಲಿ ಬೇಸ್ ಎದೆಗೆ ಗುದ್ದುತ್ತದೆ. ಮಿಲ್ಲರ್ ಹೊಟ್ಟೆಯಾಳದಿಂದ ಒಂದು ಹೂಂಕಾರ ಹೊರಡಿಸುತ್ತಾರೆ, ಅದೇ ಪಲ್ಲವಿಯ ಜೀವ. ಆಮೇಲೆ ಲೇಬಲ್ಲಿನ ಇತರ ರ‍್ಯಾಪರ್‌ಗಳಾದ ಫೀಂಡ್, ಸಿಲ್ಕ್ ದ ಶಾಕರ್, ಮಿಯಾ ಎಕ್ಸ್ ಸರದಿಯಂತೆ ಬಂದು, ಕೊನೆಯಲ್ಲಿ ಮಿಸ್ಟಿಕಲ್ ಉಸಿರು ಬಿಡದೆ ಗುಡುಗಿದಾಗ ಹಾಡು ಮನೆ ಯಜಮಾನನ ಕೈ ಮೀರಿ ಹೋಗಿರುತ್ತದೆ. ಬ್ಯಾಸ್ಕೆಟ್‌ಬಾಲ್ ಅಂಕಣದ ಮೇಲೆ ಚಿನ್ನದ ಬಣ್ಣದ ಟ್ಯಾಂಕು ನಿಲ್ಲಿಸಿ ತೆಗೆದ ಅದರ ವಿಡಿಯೋ ಈಗಲೂ ನೋಡುವಂತಿದೆ.

ಕಲಾವಿದರೆಲ್ಲರೂ ಒಂದೇ ತೂಕದವರಲ್ಲ. ನ್ಯೂ ಆರ್ಲಿಯನ್ಸಿನ ಪೀಚಸ್ ಎಂಬ ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡಿದ್ದ ಮಿಯಾ ಎಕ್ಸ್ ಅವರ 1997ರ ‘ಅನ್‌ಲೇಡಿ ಲೈಕ್’ ಗಟ್ಟಿಯಾದ ಆಲ್ಬಂ; ಗಂಡಸರ ಗದ್ದಲದ ನಡುವೆ ಅವರ ಮಾತಿಗೆ ನಿಧಾನವೂ ತೂಕವೂ ಇವೆ. ಜೈವ್ ಕಂಪನಿಯ ಜತೆಗೂಡಿ ಅದೇ ವರ್ಷ ಬಿಡುಗಡೆಯಾದ ಮಿಸ್ಟಿಕಲ್ ಅವರ ‘ಅನ್‌ಪ್ರಿಡಿಕ್ಟಬಲ್’ ಕೂಡ ಕೊಂಡವರಿಗೆ ನಷ್ಟವಿಲ್ಲ. ಮಿಲ್ಲರ್ ಅವರ ತಮ್ಮ ಸಿಲ್ಕ್ ದ ಶಾಕರ್ ಮಾತ್ರ ತಾಳದ ಹಿಂದೆ ಮುಂದೆ ಎಡವುತ್ತಲೇ ರ‍್ಯಾಪ್ ಮಾಡುತ್ತಾರೆ. ಅದನ್ನೇ ಶೈಲಿ ಎಂದು ಮೆಚ್ಚುವವರೂ ಇದ್ದಾರೆ. ನನಗೆ ಆ ಸಹನೆ ಇಲ್ಲ.

1998ರಲ್ಲಿ ಲೇಬಲ್ ಇಪ್ಪತ್ತಕ್ಕೂ ಹೆಚ್ಚು ಆಲ್ಬಂಗಳನ್ನು ಹೊರತಂದಿತು, ಅಂದರೆ ತಿಂಗಳಿಗೆ ಎರಡರ ಹತ್ತಿರ. ಅದೇ ನಾಲ್ವರು ನಿರ್ಮಾಪಕರು, ಅದೇ ಅತಿಥಿಗಳು, ಅದೇ ಬಗೆಯ ಮುಖಪುಟ. ಮೂರು ಸಿಡಿಗಳನ್ನು ಒಂದಾದ ಮೇಲೊಂದು ಕೇಳಿದರೆ ಯಾವ ಹಾಡು ಯಾರದೆಂದು ಹೇಳುವುದೇ ಕಷ್ಟವಾಗುತ್ತದೆ. ಡೆತ್ ರೋ ಎಂಬ ಲೇಬಲ್ ತೊರೆದು ಬಂದ ಸ್ನೂಪ್ ಡಾಗ್ ಅವರ ಆ ವರ್ಷದ ಆಲ್ಬಂ ಮೊದಲ ವಾರದಲ್ಲೇ 5 ಲಕ್ಷ ಪ್ರತಿಗಳ ಗಡಿ ದಾಟಿ ಮೊದಲ ಸ್ಥಾನ ಹಿಡಿದರೂ, ಸರಕಾಗಿ ಅದು ಈ ಲೇಬಲ್ಲಿನ ಅತ್ಯಂತ ನಿರಾಶಾದಾಯಕ ವಸ್ತು. ಕ್ಯಾಲಿಫೋರ್ನಿಯಾದ ಸಾವಧಾನದ ದನಿಗೆ ಲೂಸಿಯಾನಾದ ಅವಸರದ ಬೀಟು ಒಗ್ಗಲೇ ಇಲ್ಲ. ಮರುವರ್ಷದ ‘ನೋ ಲಿಮಿಟ್ ಟಾಪ್ ಡಾಗ್’ ಆಲ್ಬಮ್ಮಿಗೆ ಡಾಕ್ಟರ್ ಡ್ರೆ ಮತ್ತಿತರ ಹಳೆಯ ಸಂಗಾತಿಗಳು ಕೈಜೋಡಿಸಿದ್ದರಿಂದ ಸ್ನೂಪ್ ಮತ್ತೆ ಸ್ನೂಪ್ ಆದರು. ಕೊಳ್ಳುವುದಿದ್ದರೆ ಇದನ್ನು ಕೊಳ್ಳಬೇಕು.

ಕುಸಿತ ತಡವಾಗಲಿಲ್ಲ. ಹಣ ಮತ್ತು ಹಕ್ಕಿನ ಪಾಲಿನ ತಕರಾರಿನಲ್ಲಿ ಬೀಟ್ಸ್ ಬೈ ದ ಪೌಂಡ್ ತಂಡ 1999ರಲ್ಲಿ ಹೊರನಡೆದು ಮೆಡಿಸಿನ್ ಮೆನ್ ಎಂಬ ಹೆಸರಿಟ್ಟುಕೊಂಡಿತು. ದೊಡ್ಡ ಕಂಪನಿಗಳ ಎದುರು ಒಡೆತನದ ಪಾಠವನ್ನು ಅಷ್ಟು ಚೆನ್ನಾಗಿ ಹೇಳಿಕೊಟ್ಟವರು ತಮ್ಮದೇ ಸ್ಟುಡಿಯೋದಲ್ಲಿ ಅದನ್ನು ಪಾಲಿಸಲಿಲ್ಲವೆಂಬುದು ಈ ಇತಿಹಾಸದ ಕಹಿಯಾದ ಭಾಗ. ಇದೇ ಹೊತ್ತಿಗೆ ಅದೇ ನಗರದ ಕ್ಯಾಶ್ ಮನಿ ರೆಕಾರ್ಡ್ಸ್, ಯೂನಿವರ್ಸಲ್ ಕಂಪನಿಯ ಜತೆಗಿನ 1998ರ ಒಪ್ಪಂದದ ಬಲದಿಂದ, ಮ್ಯಾನಿ ಫ್ರೆಶ್ ಎಂಬ ಒಬ್ಬನೇ ನಿರ್ಮಾಪಕನನ್ನು ನೆಚ್ಚಿ, ಕಡಿಮೆ ಸಂಖ್ಯೆಯ ಹೆಚ್ಚು ಅಚ್ಚುಕಟ್ಟಾದ ಆಲ್ಬಂಗಳನ್ನು ಮಾರುಕಟ್ಟೆಗಿಳಿಸಿತು. ಮಿಲ್ಲರ್ ಅವರ ಗಮನವಾದರೋ ಚಲನಚಿತ್ರ, ಮಾತಾಡುವ ಗೊಂಬೆ, ಕ್ರೀಡಾಪಟುಗಳ ಏಜೆನ್ಸಿ ಎಂದು ಹರಿದು ಹಂಚಿಹೋಗಿತ್ತು. ಅಮೆರಿಕನ್ ಫುಟ್‌ಬಾಲ್ ಆಟಗಾರ ರಿಕಿ ವಿಲಿಯಮ್ಸ್ ಪರವಾಗಿ ಆ ಏಜೆನ್ಸಿ 1999ರಲ್ಲಿ ಕುದುರಿಸಿದ ಒಪ್ಪಂದ ತೀವ್ರ ಟೀಕೆಗೆ ಗುರಿಯಾಯಿತು. 2003ರ ಡಿಸೆಂಬರಿನಲ್ಲಿ ನೋ ಲಿಮಿಟ್ ರೆಕಾರ್ಡ್ಸ್ ದಿವಾಳಿ ಅರ್ಜಿ ಸಲ್ಲಿಸಿತು.

ಈಗ ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ‘ಘೆಟ್ಟೊ ಡಿ’ಯನ್ನು ಸ್ಟ್ರೀಮಿಂಗ್‌ನಲ್ಲಿ ಕೇಳಿ ಮುಗಿಸುವುದಕ್ಕಿಂತ ಹಳೆಯ ಸಿಡಿಯನ್ನೇ ಹಾಳೆಗಳ ಸಮೇತ ಸಂಪಾದಿಸುವುದು ಮೇಲು, ಏಕೆಂದರೆ ಆ ಜಾಹೀರಾತುಗಳಿಲ್ಲದ ನೋ ಲಿಮಿಟ್ ಅರ್ಧ ನೋ ಲಿಮಿಟ್. ಮಿಯಾ ಎಕ್ಸ್ ಮತ್ತು ಮಿಸ್ಟಿಕಲ್ ಅವರ ಆಲ್ಬಂಗಳ ಸರದಿ ಆಮೇಲೆ. 1998ರ ರಾಶಿಯಿಂದ ಒಂದನ್ನಷ್ಟೇ ಆರಿಸುವುದಾದರೆ ಮ್ಯಾಕ್ ಎಂಬ ರ‍್ಯಾಪರ್‌ನ ‘ಶೆಲ್ ಶಾಕ್ಡ್’ ಅನ್ನು ಆರಿಸುತ್ತೇನೆ. ಈ ಮನೆಯಲ್ಲಿ ಪದ ಕಟ್ಟುವ ಕಸುಬನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ, ಮತ್ತು ಇಲ್ಲಿ ಟ್ಯಾಂಕು, ಸೈನಿಕ, ಸಮವಸ್ತ್ರ ಎಂಬ ಲೇಬಲ್ಲಿನ ಸವಕಲು ಪ್ರತಿಮೆಗಳಿಗೆ ಒಂದು ಅರ್ಥವಿದೆ: ಮ್ಯಾಕ್ ಅವರ ತಂದೆ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದವರು. ಕ್ಲಬ್ಬೊಂದರಲ್ಲಿ ನಡೆದ ಸಾವಿನ ಪ್ರಕರಣದಲ್ಲಿ ಮ್ಯಾಕ್ 2001ರಲ್ಲಿ ವಿಚಾರಣೆ ಎದುರಿಸಿದಾಗ, ಸರ್ಕಾರಿ ವಕೀಲರು ಇದೇ ಆಲ್ಬಮ್ಮಿನ ಶೀರ್ಷಿಕೆ ಗೀತೆಯ ಸಾಲನ್ನು ಮತ್ತೊಂದು ಹಾಡಿನ ಸಾಲಿಗೆ ಜೋಡಿಸಿ ನ್ಯಾಯಮಂಡಳಿಯ (ಜ್ಯೂರಿಯ) ಮುಂದೆ ಓದಿದರು. 30 ವರ್ಷಗಳ ಶಿಕ್ಷೆಗೆ ಗುರಿಯಾಗಿ, ತಾನು ನಿರಪರಾಧಿ ಎಂದು ಹೇಳುತ್ತಲೇ ಬಂದ ಅವರು ಹೊರಬಂದದ್ದು 2021ರಲ್ಲಿ. ಆಲ್ಬಂ ಕೇಳುವವರು ಆ ಗೀತೆಯನ್ನು ನಡುವಿನಲ್ಲಿ ನಿಲ್ಲಿಸದೆ, ಅದರ ಸಾಲುಗಳು ಇರುವ ಕ್ರಮದಲ್ಲೇ, ಪೂರ್ತಿಯಾಗಿ ಕೇಳಬೇಕೆಂದು ಕೋರುತ್ತೇನೆ.