ವಾಟ್ಸ್‌ಆ್ಯಪ್, ಡ್ರೈವ್, ಕ್ರಿಪ್ಟೊಮೇಟರ್: ಗಿರಾಕಿಗಳ ಆಸ್ತಿಪತ್ರ ಎಲ್ಲಿ ಭದ್ರ?

ಬೆಂಗಳೂರಿನಲ್ಲಿ ಯಾವ ಕಂಪನಿಗೂ ಸೇರದೆ ಸ್ವಂತವಾಗಿ ನಿವೇಶನ, ಮನೆಗಳ ವ್ಯವಹಾರ ಮಾಡಿಸುವ ನನ್ನಂಥವರ ಕೈಗೆ, ಒಂದು ಸಾಧಾರಣ 30×40 ನಿವೇಶನದ ಮಾರಾಟದಲ್ಲೂ ಮೂಲಪತ್ರಗಳು, ಕ್ರಯಪತ್ರ, ಇ-ಖಾತಾ, 30 ವರ್ಷಗಳ ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ), ಕಂದಾಯ ಕಟ್ಟಿದ ರಸೀದಿ, ವಂಶವೃಕ್ಷ, ಮಾಲೀಕರ ಆಧಾರ್ ಮತ್ತು ಪ್ಯಾನ್ ಪ್ರತಿಗಳೆಲ್ಲ ಬಂದು ಸೇರುತ್ತವೆ. ಇವನ್ನು ಕಾಯಲು ನಮಗಿರುವುದು ಒಂದು ಲ್ಯಾಪ್‌ಟಾಪ್ ಮತ್ತು ಒಂದು ಮೊಬೈಲ್ ಮಾತ್ರ. ಈ ಕೆಲಸಕ್ಕೆ ನಾನು ಬಳಸಿ ನೋಡಿದ ವಿಧಾನಗಳನ್ನು ಇಲ್ಲಿ ಹೋಲಿಸಿದ್ದೇನೆ. ಕಾಗದದ ಒಂದು ಪ್ರತಿ ನನ್ನ ಕೈಬಿಟ್ಟು ಹೋದ ಮೇಲೆ ಅದರ ಮೇಲೆ ನನಗೆಷ್ಟು ಹಿಡಿತ ಉಳಿಯುತ್ತದೆ ಎಂಬುದೇ ಈ ಹೋಲಿಕೆಯ ಮುಖ್ಯ ಅಳತೆಗೋಲು. ಏಕೆಂದರೆ ನಮ್ಮ ವೃತ್ತಿಯಲ್ಲಿ ಕಾಗದಗಳು ಇಟ್ಟ ಜಾಗದಿಂದ ಕಳುವಾಗುವುದಕ್ಕಿಂತ ಕೈಯಿಂದ ಕೈಗೆ ದಾಟುವಾಗ ಸೋರಿಹೋಗುವುದೇ ಹೆಚ್ಚು.

ನೋಂದಾಯಿತ ಕ್ರಯಪತ್ರ ಸಾರ್ವಜನಿಕ ದಾಖಲೆಯೇ ಅಲ್ಲವೇ, ಅದನ್ನು ಮುಚ್ಚಿಡುವುದೇಕೆ ಎಂದು ಸಹವೃತ್ತಿಯವರು ಕೇಳುವುದುಂಟು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ದಾಖಲೆಗಳ ದೃಢೀಕೃತ ಪ್ರತಿಯನ್ನು ಶುಲ್ಕ ಕಟ್ಟಿ ಯಾರಾದರೂ ಪಡೆಯಬಹುದು ಎಂಬುದು ನಿಜ. ಆದರೆ ನಮ್ಮಲ್ಲಿಗೆ ಬರುವುದು ಮೂಲಪ್ರತಿಯ ಸ್ಕ್ಯಾನ್. ಅದರಲ್ಲಿ ಫೋಟೊ, ಸಹಿ, ಹೆಬ್ಬೆಟ್ಟಿನ ಗುರುತು, ಎಷ್ಟೋ ಸಲ ಪೂರ್ತಿ ಆಧಾರ್ ಸಂಖ್ಯೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಬೆರಳಚ್ಚು ಒತ್ತಿ ಹಣ ಪಡೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಇದೇ ಬೆಂಗಳೂರಿನಲ್ಲಿ ವರದಿಯಾದವು. ಇದಲ್ಲದೆ, ಮಾಲೀಕರು ಆಸ್ತಿ ಮಾರಲು ಹೊರಟಿದ್ದಾರೆ ಎಂಬ ಸಂಗತಿಯೇ ಗುಟ್ಟಾಗಿರಬೇಕಾದ ಸಂದರ್ಭಗಳೂ ಇರುತ್ತವೆ. ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ನಡೆಯುತ್ತಿರುವ ಮನೆಯಲ್ಲಿ, ಆ ಸುದ್ದಿ ಹೊರಗಿನವರ ಬಾಯಿಂದ ತಿಳಿದರೆ ಆಗುವ ನೋವನ್ನು ಯಾವ ಪರಿಹಾರವೂ ತುಂಬಿಕೊಡುವುದಿಲ್ಲ.

ಎಲ್ಲರೂ ಬಳಸುವ ವಾಟ್ಸ್‌ಆ್ಯಪ್‌ನಿಂದಲೇ ಆರಂಭಿಸುತ್ತೇನೆ. ಸಂದೇಶ ಹೋಗುವ ದಾರಿಯ ಮಟ್ಟಿಗೆ ಅದು ಗಟ್ಟಿಯಾಗಿದೆ. ಕಳಿಸಿದವರು ಮತ್ತು ಪಡೆದವರನ್ನು ಬಿಟ್ಟು ನಡುವೆ ಯಾರೂ ಓದಲಾಗದಂತೆ ಗೂಢಲಿಪೀಕರಣವಾಗಿರುತ್ತದೆ. ತೊಂದರೆ ಶುರುವಾಗುವುದು ತಲುಪಿದ ಮೇಲೆ. ಕ್ರಯಪತ್ರದ ಫೋಟೊ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ, ಮನೆಮಂದಿಯೆಲ್ಲ ಹಿಡಿದು ನೋಡುವ ಫೋನಿನಲ್ಲಿ ಮದುವೆಯ ಚಿತ್ರಗಳ ನಡುವೆ ಕುಳಿತುಕೊಳ್ಳುತ್ತದೆ, ಅಲ್ಲಿಂದ ಬೆರಳಿನ ಒಂದೇ ಒತ್ತಿನಲ್ಲಿ ಮತ್ತೊಬ್ಬ ಏಜೆಂಟರ ಗುಂಪಿಗೆ ದಾಟುತ್ತದೆ. ಒಮ್ಮೆ ನೋಡಿದ ಮೇಲೆ ಮಾಯವಾಗುವ ಸೌಲಭ್ಯ ಚಿತ್ರ, ವಿಡಿಯೊ, ಧ್ವನಿಸಂದೇಶಗಳಿಗಿದೆಯೇ ಹೊರತು ಪಿಡಿಎಫ್ ಕಡತಗಳಿಗಿಲ್ಲ. ಎಲ್ಲರಿಗೂ ಅಳಿಸುವ ಅವಕಾಶವಿರುವುದು ಎರಡು ದಿನಗಳಿಗಿಂತ ತುಸು ಹೆಚ್ಚು ಹೊತ್ತು ಮಾತ್ರ, ಅದೂ ಅಷ್ಟರಲ್ಲಿ ಬೇರೆಡೆಗೆ ಹೋಗಿರುವ ಪ್ರತಿಯನ್ನು ಮುಟ್ಟುವುದಿಲ್ಲ.

ಇದರ ಜೊತೆಗೆ ಜೆರಾಕ್ಸ್ ಅಂಗಡಿಯ ಮಾತನ್ನೂ ಹೇಳಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗಳ ಅಕ್ಕಪಕ್ಕದ ಅಂಗಡಿಗಳಲ್ಲಿ ಪ್ರಿಂಟ್ ಬೇಕೆಂದರೆ, ಗೋಡೆಗೆ ಅಂಟಿಸಿರುವ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ ಎನ್ನುತ್ತಾರೆ. ಅಂಥ ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಫೋಲ್ಡರ್ ತೆರೆದೇ ಇತ್ತು. ಯಾರ್ಯಾರದೋ ಆಧಾರ್, ಯಾವುದೋ ಬಡಾವಣೆಯ ಜಿಪಿಎ (ಅಧಿಕಾರಪತ್ರ), ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವೆಲ್ಲ ಸಾಲಾಗಿ ಕೌಂಟರಿನ ಈಚೆ ನಿಂತವರಿಗೂ ಕಾಣುತ್ತಿದ್ದವು. ಅಂಗಡಿಯವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅಳಿಸಲು ಅವರಿಗೆ ಪುರಸೊತ್ತಿರಲಿಲ್ಲ, ಅಷ್ಟೇ. ಅಂದಿನಿಂದ ನಾನು ಗಿರಾಕಿಗಳ ಕಾಗದಗಳನ್ನು ಮನೆಯ ಪ್ರಿಂಟರಿನಲ್ಲೇ ತೆಗೆಯುತ್ತೇನೆ. ಈ ಹೋಲಿಕೆಯಲ್ಲಿ ಬರುವ ಎಲ್ಲ ತಂತ್ರಾಂಶಗಳಿಗಿಂತ ಹೆಚ್ಚಿನ ರಕ್ಷಣೆ ಸಿಕ್ಕಿದ್ದು ಆ ಸಾಧಾರಣ ಪ್ರಿಂಟರಿನಿಂದ ಎಂದೇ ನಾನು ಭಾವಿಸಿದ್ದೇನೆ.

ಎರಡನೆಯದು ಪಾಸ್‌ವರ್ಡ್ ಹಾಕಿದ ಪಿಡಿಎಫ್. ಲಿಬ್ರೆಆಫೀಸ್‌ನಂಥ ಉಚಿತ ತಂತ್ರಾಂಶದಲ್ಲೇ ಇದನ್ನು ಮಾಡಬಹುದು, ಪಡೆಯುವವರು ಹೊಸದೇನನ್ನೂ ಕಲಿಯಬೇಕಿಲ್ಲ. ಬ್ಯಾಂಕ್ ಗೊತ್ತುಮಾಡಿದ ಪ್ಯಾನೆಲ್ ವಕೀಲರಿಗೆ ಲೀಗಲ್ ಒಪಿನಿಯನ್‌ಗಾಗಿ (ಪತ್ರಗಳು ಕಾನೂನಿನಂತೆ ಸರಿಯಿವೆಯೇ ಎಂಬ ಅಭಿಪ್ರಾಯಕ್ಕಾಗಿ) ಪೂರ್ತಿ ಕಂತೆ ಕಳಿಸಲು ಇದಕ್ಕಿಂತ ಸಲೀಸಾದ ದಾರಿ ನನಗೆ ಸಿಕ್ಕಿಲ್ಲ. ಆದರೆ ತೆರೆಯಲು ಬೇಕಾಗುವ ಪಾಸ್‌ವರ್ಡ್ ಬೇರೆ, ಪ್ರಿಂಟ್ ಮತ್ತು ನಕಲನ್ನು ತಡೆಯುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಸುಲಭವಾಗಿ ಕಿತ್ತುಹಾಕಬಹುದಾದ್ದರಿಂದ ಅದನ್ನೊಂದನ್ನೇ ನಂಬಬಾರದು. ಕಡತ ಮೇಲ್‌ನಲ್ಲಿ ಹೋದರೆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಬೇಕು, ಗಿರಾಕಿಯ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಬಾರದು. ಅಂತರ್ಜಾಲದಲ್ಲಿ ಉಚಿತವಾಗಿ ಪಾಸ್‌ವರ್ಡ್ ಹಾಕಿಕೊಡುವ ತಾಣಗಳಿಗೆ ಆಸ್ತಿಪತ್ರ ಏರಿಸುವುದಂತೂ ಅಪರಿಚಿತರ ಕೈಗೆ ಪ್ರತಿ ಕೊಟ್ಟಂತೆಯೇ.

ಗೂಗಲ್ ಡ್ರೈವ್ ನಾನು ಹೆಚ್ಚು ಕಾಲ ಬಳಸಿರುವ ವಿಧಾನ. ಲಿಂಕ್ ಇರುವ ಯಾರಾದರೂ ನೋಡಬಹುದು ಎಂಬ ಆಯ್ಕೆಯನ್ನು ಬಿಟ್ಟು, ಹೆಸರಿಸಿದ ಮೇಲ್ ವಿಳಾಸದವರಿಗಷ್ಟೇ ಅನುಮತಿ ಕೊಟ್ಟು, ಡೌನ್‌ಲೋಡ್, ಪ್ರಿಂಟ್ ಮತ್ತು ನಕಲನ್ನು ನಿರ್ಬಂಧಿಸಿದರೆ, ವ್ಯವಹಾರ ಮುರಿದುಬಿದ್ದ ದಿನವೇ ಆ ಅನುಮತಿಯನ್ನು ಹಿಂದಕ್ಕೆ ಪಡೆಯಬಹುದು. ಈ ಒಂದು ಗುಣದಲ್ಲಿ ಅದು ವಾಟ್ಸ್‌ಆ್ಯಪ್ ಮತ್ತು ಪಿಡಿಎಫ್ ಎರಡನ್ನೂ ಹಿಂದೆ ಹಾಕುತ್ತದೆ. ಅಡಚಣೆ ಬರುವುದು ಜನರ ಕಡೆಯಿಂದ. ಖರೀದಿದಾರರ ಭಾವಮೈದುನ ಇನ್ನೊಂದು ಮೇಲ್‌ನಿಂದ ತೆರೆಯಲು ನೋಡುತ್ತಾರೆ, ಆಗುವುದಿಲ್ಲ, "ಸಾರ್, ಓಪನ್ ಆಗ್ತಿಲ್ಲ, ವಾಟ್ಸ್‌ಆ್ಯಪ್ ಮಾಡಿಬಿಡಿ" ಎಂದು ಫೋನ್ ಬರುತ್ತದೆ. ಆಗ ಮಣಿದರೆ ಮಾಡಿದ್ದೆಲ್ಲ ವ್ಯರ್ಥ. ಅವರ ಮೇಲ್ ವಿಳಾಸ ಕೇಳಿ ಸೇರಿಸಲು ಬೇಕಾಗುವುದು ಒಂದೆರಡು ನಿಮಿಷ. ಪರದೆಯ ಸ್ಕ್ರೀನ್‌ಶಾಟ್ ತೆಗೆಯುವುದನ್ನು ಡ್ರೈವ್ ತಡೆಯಲಾರದು. ಅಲ್ಲದೆ ಬೀಗ ಮತ್ತು ಕೀಲಿ ಎರಡೂ ಗೂಗಲ್ ಬಳಿಯೇ ಇರುವುದರಿಂದ, ನನ್ನ ಖಾತೆಯೊಳಗೆ ನುಗ್ಗಿದವರಿಗೆ ಎಲ್ಲ ಗಿರಾಕಿಗಳ ಕಾಗದಗಳೂ ಒಟ್ಟಿಗೆ ಸಿಗುತ್ತವೆ. ಎರಡು ಹಂತದ ದೃಢೀಕರಣ ಹಾಕದೆ ಇದನ್ನು ಬಳಸಲೇಬಾರದು.

ಆ ಕೊರತೆಯನ್ನು ತುಂಬಲು ವೆರಾಕ್ರಿಪ್ಟ್ ಮತ್ತು ಕ್ರಿಪ್ಟೊಮೇಟರ್ ಎಂಬ ಎರಡು ತಂತ್ರಾಂಶಗಳನ್ನೂ ಪ್ರಯತ್ನಿಸಿದೆ. ಎರಡೂ ಕಡತಗಳನ್ನು ನಮ್ಮ ಯಂತ್ರದಲ್ಲೇ ಗೂಢಲಿಪಿಗೆ ಬದಲಿಸುತ್ತವೆ, ಎರಡರ ಮೂಲಸಂಕೇತವೂ (ಸೋರ್ಸ್ ಕೋಡ್) ಯಾರು ಬೇಕಾದರೂ ಪರಿಶೀಲಿಸುವಂತೆ ತೆರೆದಿದೆ. ವೆರಾಕ್ರಿಪ್ಟ್ ಮೊದಲೇ ಗೊತ್ತುಮಾಡಿದ ಗಾತ್ರದ ಒಂದು ದೊಡ್ಡ ಪೆಟ್ಟಿಗೆ ಮಾಡಿ ಎಲ್ಲವನ್ನೂ ಅದರೊಳಗೆ ಇಡುತ್ತದೆ. ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕಿಗೆ ಅದು ಹೇಳಿ ಮಾಡಿಸಿದಂತಿದೆ. ಆದರೆ ಒಳಗೆ ಬದಲಾವಣೆಯಾದರೂ ಪೆಟ್ಟಿಗೆಯ ಕಡತದ ದಿನಾಂಕ ಬದಲಾಗದಂತೆ ಅದರ ಮೂಲ ಹೊಂದಿಕೆ (ಡೀಫಾಲ್ಟ್ ಸೆಟ್ಟಿಂಗ್) ಇರುವುದರಿಂದ, ಬದಲಾವಣೆ ಗೊತ್ತಾಗದೆ ಕ್ಲೌಡಿಗೆ ಹೊಸ ಪ್ರತಿ ಹೋಗದೆ ಉಳಿಯಬಹುದು. ಮೊಬೈಲಿಗೆ ಅದರದೇ ಆ್ಯಪ್ ಕೂಡ ಇಲ್ಲ. ಕ್ರಿಪ್ಟೊಮೇಟರ್ ಪ್ರತಿ ಕಡತವನ್ನೂ, ಅದರ ಹೆಸರನ್ನೂ ಬಿಡಿಬಿಡಿಯಾಗಿ ಗೂಢಲಿಪಿಗೆ ತಿರುಗಿಸಿ ಡ್ರೈವ್‌ಗೆ ಕಳಿಸುವುದರಿಂದ ಆ ತೊಡಕಿಲ್ಲ. ಕಂಪ್ಯೂಟರಿನಲ್ಲಿ ಅದು ಉಚಿತ, ಆಂಡ್ರಾಯ್ಡಿನಲ್ಲಿ ಹಣ ಕೊಡಬೇಕು. ದೇವನಹಳ್ಳಿ ಕಡೆ ಸೈಟ್ ತೋರಿಸುತ್ತಿರುವಾಗ ಚೆಕ್‌ಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಸರಿನೋಡಬೇಕೆಂದರೆ ಅಲ್ಲೇ ಫೋನಿನಲ್ಲಿ ತೆರೆಯಲು ಸಾಧ್ಯವಾದ್ದರಿಂದ ನನ್ನ ಆಯ್ಕೆ ಕ್ರಿಪ್ಟೊಮೇಟರ್. ಪಾಸ್‌ವರ್ಡ್ ಮರೆತರೆ ಇವೆರಡರಲ್ಲೂ ಕಂಪನಿಯವರು ಬಂದು ಬಿಡಿಸಿಕೊಡುವುದಿಲ್ಲ. ಕ್ರಿಪ್ಟೊಮೇಟರ್ ಕೊಡುವ ಮರುಪಡೆಯುವ ಕೀಲಿಯನ್ನು ಕಾಗದದಲ್ಲಿ ಬರೆದು ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇನೆ.

ಹೀಗೆ, ಕಾಯ್ದಿಡಲು ಕ್ರಿಪ್ಟೊಮೇಟರ್, ಖರೀದಿದಾರರಿಗೆ ತೋರಿಸಲು ನಿರ್ಬಂಧಿತ ಡ್ರೈವ್, ವಕೀಲರಿಗೆ ಮತ್ತು ಬ್ಯಾಂಕಿಗೆ ಪಾಸ್‌ವರ್ಡ್ ಪಿಡಿಎಫ್ ಎಂದು ಹಂಚಿಕೊಂಡಿದ್ದೇನೆ. ವಾಟ್ಸ್‌ಆ್ಯಪ್ ಸಮಯ, ಜಾಗ ಗೊತ್ತುಮಾಡಲು ಮಾತ್ರ. ಯಾವ ದಾರಿಯಲ್ಲಿ ಹೋದರೂ ಪ್ರತಿಯನ್ನು ಮೊದಲು ಸಿದ್ಧಪಡಿಸುವುದು ಅಗತ್ಯ. ಟೋಕನ್ ಅಡ್ವಾನ್ಸಿಗೆ ಮೊದಲು ಖರೀದಿದಾರರಿಗೆ ಇ-ಖಾತಾ ಮತ್ತು ಇಸಿ ಸಾಕು, ಮಾಲೀಕರ ಗುರುತಿನ ಚೀಟಿ ಬೇಕಿಲ್ಲ. ಆಧಾರ್ ಕೊಡಲೇಬೇಕಾದಾಗ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಆಧಾರ್ ಪ್ರಾಧಿಕಾರವಾದ ಯುಐಡಿಎಐ ತಾಣದಿಂದಲೇ ಇಳಿಸಿಕೊಡುವಂತೆ ಮಾಲೀಕರನ್ನು ಕೇಳುತ್ತೇನೆ. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಮೇಲೆ ಕಪ್ಪು ಚೌಕ ಇಟ್ಟರಷ್ಟೇ ಸಾಲದು. ಪಿಡಿಎಫ್‌ನಲ್ಲಿ ಆ ಚೌಕವನ್ನು ಎತ್ತಿ ಪಕ್ಕಕ್ಕಿಟ್ಟರೆ ಕೆಳಗಿನ ಗುರುತು ಹಾಗೆಯೇ ಇರುತ್ತದೆ. ಆದ್ದರಿಂದ ಪುಟವನ್ನು ಚಿತ್ರವಾಗಿ ಬದಲಿಸಿ ಮತ್ತೆ ಪಿಡಿಎಫ್ ಮಾಡಬೇಕು. ಅದಕ್ಕೂ ಮೊದಲು ಪಡೆಯುವವರ ಹೆಸರು, ದಿನಾಂಕ ಮತ್ತು "ಪರಿಶೀಲನೆಗೆ ಮಾತ್ರ" ಎಂಬ ಮಾತನ್ನು ಪುಟದ ನಡುವೆ ಓರೆಯಾಗಿ ಬರೆಯುತ್ತೇನೆ. ಸ್ಕ್ರೀನ್‌ಶಾಟ್ ತೆಗೆದರೂ ಅದು ಯಾರ ಪ್ರತಿಯೆಂದು ತಿಳಿಯುತ್ತದೆ, ಅದು ತಿಳಿಯುತ್ತದೆ ಎಂಬ ಅರಿವೇ ಹೆಚ್ಚಿನವರನ್ನು ತಡೆಯುತ್ತದೆ.

ಕಾನೂನಿನ ಕಡೆಯಿಂದಲೂ ಇದು ಐಚ್ಛಿಕವಾಗಿ ಉಳಿದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತವೆ. ತಕ್ಕ ಭದ್ರತೆ ಒದಗಿಸದಿದ್ದರೆ ಆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ, ಉದ್ದೇಶ ತೀರಿದ ಮೇಲೆ ದತ್ತಾಂಶವನ್ನು ಅಳಿಸಬೇಕೆಂದೂ ಅದು ಹೇಳುತ್ತದೆ. ಇನ್ನೊಂದು ಕಡೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 10ನೇ ಕಲಂ ನೋಂದಾಯಿತ ಏಜೆಂಟರು ಲೆಕ್ಕಪತ್ರ ಮತ್ತು ದಾಖಲೆಗಳನ್ನು ಕಾಯ್ದುಕೊಳ್ಳಬೇಕೆನ್ನುತ್ತದೆ. ಹೀಗಾಗಿ ಕ್ರಯಪತ್ರದ ನೋಂದಣಿ ಮುಗಿದ ವಾರದಲ್ಲೇ ಡ್ರೈವ್‌ನ ಅನುಮತಿಗಳನ್ನೆಲ್ಲ ತೆಗೆದು, ಗುರುತಿನ ಚೀಟಿಗಳ ಪ್ರತಿಗಳನ್ನು ಡ್ರೈವ್‌ನ ಕಸದಬುಟ್ಟಿಯಿಂದಲೂ (ಟ್ರ್ಯಾಶ್) ಅಳಿಸುತ್ತೇನೆ. ಕಮಿಷನ್ ರಸೀದಿ, ಅಗ್ರಿಮೆಂಟ್ ಮತ್ತು ಪತ್ರವ್ಯವಹಾರವನ್ನಷ್ಟೇ ಕ್ರಿಪ್ಟೊಮೇಟರಿನಲ್ಲಿ ಉಳಿಸಿಕೊಂಡು, ಏನನ್ನು ಅಳಿಸಿದೆ, ಏನನ್ನು ಯಾವ ಕಾರಣಕ್ಕೆ ಇಟ್ಟುಕೊಂಡೆ ಎಂದು ಮಾಲೀಕರಿಗೆ ಬರೆದು ತಿಳಿಸುತ್ತೇನೆ.