ಕಬ್ಬಿಣದ ಮೊಳೆ ಮತ್ತು ಮರಳಿನ ಆರ್ಸೆನಿಕ್ ಫಿಲ್ಟರ್: ಹಲವು ವರ್ಷಗಳ ಬಳಕೆಯ ನಂತರ

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಆಸುಪಾಸಿನಲ್ಲಿ, ಹಾಗೆಯೇ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವುದು ಹೊಸ ಸುದ್ದಿಯೇನಲ್ಲ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಗಣಿ ಸೀಮೆಯ ನಮ್ಮ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ಹಲವು ವರ್ಷಗಳಿಂದ ಬಳಸುತ್ತಿರುವುದು ನೇಪಾಳದ ತರಾಯಿ ಪ್ರದೇಶದ ಬಾವಿಗಳಿಗಾಗಿ ರೂಪುಗೊಂಡ ‘ಕಂಚನ್’ ಮಾದರಿಯ ಫಿಲ್ಟರ್.

ಇದರ ರಚನೆ ಸರಳ. ಪ್ಲಾಸ್ಟಿಕ್ ಡ್ರಮ್ಮಿನ ತಳದಲ್ಲಿ ಜಲ್ಲಿ, ಅದರ ಮೇಲೆ ಚೆನ್ನಾಗಿ ತೊಳೆದ ಸಣ್ಣ ಮರಳು, ಬಾಯಿಯ ಹತ್ತಿರ ತೂತು ಕೊರೆದ ಬೋಗುಣಿ. ಬೋಗುಣಿಯಲ್ಲಿ ಸುಮಾರು 5 ಕಿಲೋ ಕಬ್ಬಿಣದ ಮೊಳೆ, ಮೊಳೆಗಳ ಮೇಲೆ ಇಟ್ಟಿಗೆ ಚೂರು. ಮೊಳೆಗೆ ಸತುವಿನ ಲೇಪನ ಇರಕೂಡದು, ಏಕೆಂದರೆ ಇಲ್ಲಿ ಕೆಲಸ ಮಾಡುವುದೇ ತುಕ್ಕು. ಗಾಳಿ ಮತ್ತು ನೀರು ತಾಗಿ ಹುಟ್ಟುವ ಕಬ್ಬಿಣದ ಹೈಡ್ರಾಕ್ಸೈಡ್‌ಗೆ ಆರ್ಸೆನಿಕ್ ಅಂಟಿಕೊಳ್ಳುತ್ತದೆ, ಆ ತುಕ್ಕಿನ ಕಣಗಳನ್ನು ಕೆಳಗಿನ ಮರಳು ತಡೆದು ನಿಲ್ಲಿಸುತ್ತದೆ. ಹೊರಹೋಗುವ ಪೈಪನ್ನು ಎತ್ತರಿಸಿ, ಮರಳಿನ ಮೇಲೆ ಯಾವಾಗಲೂ ಸುಮಾರು 5 ಸೆಂಟಿಮೀಟರ್ ನೀರು ನಿಲ್ಲುವಂತೆ ಮಾಡಿದರೆ ಅಲ್ಲಿ ಬೆಳೆಯುವ ಜೈವಿಕ ಪದರ ರೋಗಾಣುಗಳನ್ನೂ ಬಹುಮಟ್ಟಿಗೆ ತಗ್ಗಿಸುತ್ತದೆ.

ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ನೀರು ಸುರಿಯುವ ರೀತಿ. ಒಂದೇ ಸಲ ಕೊಡಪೂರ್ತಿ ಸುರಿದರೆ ಇಟ್ಟಿಗೆ ಚೂರುಗಳು ಸರಿದು, ಮೊಳೆಗಳು ಬದಿಗೆ ಜರುಗಿ, ನಡುವೆ ಬರಿದಾದ ಜಾಗದಿಂದ ನೀರು ತುಕ್ಕನ್ನು ಮುಟ್ಟದೆಯೇ ಇಳಿದುಬಿಡುತ್ತದೆ. ಆರ್ಸೆನಿಕ್ ಹೆಚ್ಚಿದ್ದಷ್ಟೂ ಬಣ್ಣ ಗಾಢವಾಗುವ ಪರೀಕ್ಷಾ ಕಾಗದವನ್ನು ಚೊಂಬಿನಿಂದ ನಿಧಾನವಾಗಿ ಸುರಿದ ನೀರು ತೀರಾ ತಿಳಿ ಹಳದಿಗೆ ತಿರುಗಿಸಿದರೆ, ಅವಸರದಲ್ಲಿ ಸುರಿದದ್ದು ಅದೇ ಕಾಗದವನ್ನು ಕಂದು ಬಣ್ಣದ ಕಡೆಗೆ ಎಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ನೆಲದ ನೀರಿನಲ್ಲಿ ಸಹಜ ಕಬ್ಬಿಣಾಂಶ ಕಡಿಮೆ ಇದ್ದು, ಮೊಳೆಯ ತುಕ್ಕನ್ನೇ ನಂಬಬೇಕಾಗಿರುವುದರಿಂದ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನೇಪಾಳದಲ್ಲಿಯೂ ಅಂತಹ ಬಾವಿಗಳಲ್ಲೇ ಈ ಫಿಲ್ಟರ್ ಅಷ್ಟಾಗಿ ಕೆಲಸ ಮಾಡಿಲ್ಲ. ಬಾಂಗ್ಲಾದೇಶದ ಬೇರುಗಳಿರುವ ರಸಾಯನಶಾಸ್ತ್ರಜ್ಞ ಅಬುಲ್ ಹುಸ್ಸಾಂ ಅವರಿಗೆ 2007ರಲ್ಲಿ ಗ್ರೇಂಜರ್ ಪ್ರಶಸ್ತಿ ತಂದುಕೊಟ್ಟ ‘ಸೋನೋ’ ಫಿಲ್ಟರಿನಲ್ಲಿ ನೀರು ಕಬ್ಬಿಣದ ಪದರದ ಮೂಲಕವೇ ಹಾದುಹೋಗಬೇಕು. ವಿನ್ಯಾಸದ ದೃಷ್ಟಿಯಿಂದ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಿರ್ವಹಣೆ ಕಷ್ಟವಲ್ಲ. ಧಾರೆ ಸಣ್ಣದಾದಾಗ ಮರಳಿನ ಮೇಲ್ಪದರವನ್ನು ಕೈಯಿಂದ ಮೃದುವಾಗಿ ಕದಡಿ, ಕೆಸರು ನೀರನ್ನು ಎತ್ತಿ ತೆಗೆದರೆ ಸಾಕು. ಆದರೆ ಆ ಕೆಂಪು ಕೆಸರಿನಲ್ಲಿಯೇ ವಿಷ ಶೇಖರವಾಗಿರುವುದರಿಂದ ಅದನ್ನು ಬಚ್ಚಲಿಗೋ ಕೈತೋಟಕ್ಕೋ ಚೆಲ್ಲಬಾರದು. ನಾವು ಬಾವಿಯಿಂದ ದೂರದ ಗುಂಡಿಯಲ್ಲಿ ಸಗಣಿಯೊಂದಿಗೆ ಹೂಳುತ್ತೇವೆ. ಸ್ನಾನಕ್ಕೆ, ಬಟ್ಟೆ ಒಗೆಯಲು ಫಿಲ್ಟರಿನ ನೀರು ಬೇಕಿಲ್ಲ.

ಇದರ ದೊಡ್ಡ ಕೊರತೆ ಫ್ಲೋರೈಡ್. ರಾಯಚೂರು ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಎರಡೂ ಇವೆ, ಮೊಳೆಯ ತುಕ್ಕು ಫ್ಲೋರೈಡನ್ನು ಹೇಳಿಕೊಳ್ಳುವಷ್ಟು ಹಿಡಿಯುವುದಿಲ್ಲ. ಎರಡೂ ಇರುವ ಮನೆಗಳಿಗೆ ನಾನು ಇದನ್ನು ಸೂಚಿಸಲಾರೆ. ನೀರು ಪೋಲಾದರೂ ಆರ್‌ಓ ಅಥವಾ ನದಿ ಮೂಲದ ನೀರೇ ಅಲ್ಲಿ ಸರಿ. ಬರೀ ಆರ್ಸೆನಿಕ್ ಇದ್ದು, ಕರೆಂಟು ನಂಬುವಂತಿಲ್ಲದ ಮನೆಗೆ ಇದು ಖಂಡಿತ ಯೋಗ್ಯ. ಆದರೂ ಕಟ್ಟಿಸುವ ಮೊದಲು ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ನೋಡಿಸಿ. ಕಟ್ಟಿಸಿದ ಮೇಲೆ ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಫಿಲ್ಟರಿನಿಂದ ಬಂದ ನೀರನ್ನೇ ಪರೀಕ್ಷಿಸಿ. ಆರ್ಸೆನಿಕ್‌ಗಿರುವ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಅದು ಮೀರತೊಡಗಿದರೆ ಮೊಳೆಗಳನ್ನು ಬದಲಿಸಿ, ಮತ್ತೆ ಪರೀಕ್ಷಿಸಿದ ನಂತರವೇ ಮಕ್ಕಳಿಗೆ ಕೊಡಿ.