ವಿಂಡೋಸ್‌ನ ಇಎಫ್‌ಎಸ್: ಒಂದೇ ಕಂಪ್ಯೂಟರಿನಲ್ಲಿ ಸಲೀಸು, ಫೈಲ್ ಬೇರೆ ಡಿಸ್ಕಿಗೆ ಹೊರಟರೆ ಜೋಪಾನ

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನೊಳಗಿನ ಅಡ್ವಾನ್ಸ್ಡ್ ಬಟನ್ ಒತ್ತಿದರೆ ಎನ್‌ಕ್ರಿಪ್ಟ್ ಅನ್ನುವ ಟಿಕ್ ಬಾಕ್ಸ್ ಕಾಣುತ್ತದೆ. ಇಎಫ್‌ಎಸ್ (ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್) ಅಂದರೆ ಅದೇ, ಬೇರೆಯವರು ಓದಲಾಗದಂತೆ ಫೈಲನ್ನು ಗೂಢಲಿಪಿಗೆ ಬದಲಿಸಿ ಬೀಗ ಹಾಕುವ ಸೌಲಭ್ಯ. ವಿಂಡೋಸ್ 2000ದಿಂದಲೂ ಇದೆ. ಹೋಮ್ ಆವೃತ್ತಿಯಲ್ಲಿ ಸಿಗುವುದಿಲ್ಲ, ಪ್ರೊ ಅಥವಾ ಅದಕ್ಕಿಂತ ಮೇಲಿನದು ಬೇಕು. ನಾನು ಹಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ, ಈಗಲೂ ಇಷ್ಟಪಡುತ್ತೇನೆ. ಆದರೆ ಇದನ್ನು ನಂಬುವ ಮೊದಲು, ಫೈಲ್ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋದಾಗ ಬೀಗ ಏನಾಗುತ್ತದೆ ಅಂತ ತಿಳಿದಿರಲೇಬೇಕು.

ದಿನದ ಬಳಕೆಯಲ್ಲಿ ದೂರು ಹೇಳುವಂಥದ್ದು ಏನೂ ಇಲ್ಲ. ಲಾಗಿನ್ ಆದರೆ ಸಾಕು, ಫೈಲ್ ಮಾಮೂಲಿಯಂತೆ ತೆರೆಯುತ್ತದೆ. ಬೇರೆ ಪಾಸ್‌ವರ್ಡ್ ಕೇಳುವುದಿಲ್ಲ. ಅದೇ ಕಂಪ್ಯೂಟರಿನ ಇನ್ನೊಂದು ಖಾತೆಯಿಂದ ಹೋದವರಿಗೆ ಫೈಲಿನ ಹೆಸರು ಕಂಡೀತು, ಒಳಗಿರುವುದು ಸಿಗುವುದಿಲ್ಲ. ಹೆಸರು ಮಾತ್ರ ಎಂದೂ ಮುಚ್ಚಿರುವುದಿಲ್ಲ. ಆದ್ದರಿಂದ ಗುಟ್ಟನ್ನು ಹೆಸರಿನಲ್ಲೇ ಬರೆದಿಡಬೇಡಿ.

ಒಳಗೆ ಆಗುವುದು ಇಷ್ಟು. ಪ್ರತಿ ಫೈಲಿಗೂ ಅದರದೇ ಒಂದು ಕೀಲಿ. ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 1ರಿಂದ ಈಚೆಗೆ ಇದು ಸಾಮಾನ್ಯವಾಗಿ 256 ಬಿಟ್ ಎಇಎಸ್ ಕೀಲಿ (ಎಇಎಸ್ ಅಂದರೆ ಒಂದು ಎನ್‌ಕ್ರಿಪ್ಶನ್ ವಿಧಾನ). ಆ ಕೀಲಿಗೆ ನಿಮ್ಮ ಖಾತೆಯ ಸರ್ಟಿಫಿಕೇಟ್‌ನಿಂದ (ಖಾತೆಯ ಡಿಜಿಟಲ್ ಗುರುತು, ಅದರ ಜೋಡಿಯಾಗಿ ಒಂದು ಖಾಸಗಿ ಕೀಲಿ ಇರುತ್ತದೆ) ಮತ್ತೊಂದು ಬೀಗ. ಹೀಗೆ ಬೀಗ ಹಾಕಿದ ಕೀಲಿಯನ್ನು ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಂಡೋಸ್‌ನ ಮಾಮೂಲಿ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್) ಆ ಫೈಲಿನ ಜೊತೆಗೇ, ಒಂದು ಗುಣಲಕ್ಷಣವಾಗಿ ಇಟ್ಟುಕೊಳ್ಳುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಮ್‌ನಲ್ಲಿ ಅಂಥ ಜಾಗವೇ ಇಲ್ಲ. ತೊಂದರೆ ಶುರುವಾಗುವುದು ಅಲ್ಲಿಂದ.

ಎನ್‌ಟಿಎಫ್‌ಎಸ್‌ನಿಂದ ಎನ್‌ಟಿಎಫ್‌ಎಸ್‌ಗೆ ಹೋದರೆ ಚಿಂತೆಯಿಲ್ಲ, ಬೀಗ ಉಳಿಯುತ್ತದೆ. ಗುರಿ ಫೋಲ್ಡರಿಗೆ ಬೀಗ ಹಾಕಿರದಿದ್ದರೂ ಉಳಿಯುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ ಕಥೆ ಬೇರೆ. ಹಳೆಯ ವಿಂಡೋಸ್‌ಗಳಲ್ಲಿ ಎಕ್ಸ್‌ಪ್ಲೋರರ್, ಎನ್‌ಕ್ರಿಪ್ಶನ್ ಇಲ್ಲದೆ ಕಾಪಿ ಮಾಡಲೇ ಅಂತ ಕೇಳುತ್ತದೆ. ಅವಸರದಲ್ಲಿ ಯೆಸ್ ಒತ್ತಿದರೆ ಮುಗಿಯಿತು, ಪೆನ್‌ಡ್ರೈವಿನಲ್ಲಿ ಕೂರುವುದು ಯಾರು ಬೇಕಾದರೂ ಓದಬಹುದಾದ ಫೈಲ್. ವಿಂಡೋಸ್ 10ರ 1607 ಆವೃತ್ತಿಯಿಂದ ಇದು ಬದಲಾಗಿದೆ. ಈಗ ಎಫ್‌ಎಟಿ ಡಿಸ್ಕಿನಲ್ಲೂ ಬೀಗ ಉಳಿಯುತ್ತದೆ, ಫೈಲಿನ ಕೊನೆಗೆ ಪಿಫೈಲ್ ಅನ್ನುವ ಎಕ್ಸ್‌ಟೆನ್ಶನ್ ಸೇರುತ್ತದೆ. ಒಳ್ಳೆಯ ಬದಲಾವಣೆಯೇ. ಆದರೆ ಆ ಪೆನ್‌ಡ್ರೈವನ್ನು ಮ್ಯಾಕ್‌ಗೋ ಟಿವಿಗೋ ಚುಚ್ಚಿದರೆ ಫೈಲ್ ತೆರೆಯುವುದಿಲ್ಲ. ಫೈಲ್ ಕೆಟ್ಟಿದೆ ಅಂದುಕೊಂಡು ಅಳಿಸಿಬಿಡಬೇಡಿ.

ಕಮಾಂಡ್ ಪ್ರಾಂಪ್ಟ್ (ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿ) ಈ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ಬೀಗ ಉಳಿಸಲಾಗದ ಜಾಗಕ್ಕೆ ಕಾಪಿ ಮಾಡಲು ಅದು ಒಪ್ಪುವುದೇ ಇಲ್ಲ, ಕಾಪಿ ಕಮಾಂಡಿಗೆ ಸ್ಲ್ಯಾಷ್ ಡಿ (/D) ಅಂತ ನೀವೇ ಸೇರಿಸಬೇಕು. ನನಗೆ ಈ ನಡೆ ಬಹಳ ಹಿಡಿಸಿತು. ಬೀಗ ತೆಗೆಯುವುದು ಬಳಕೆದಾರನೇ ತಿಳಿದು ಮಾಡಬೇಕಾದ ಕೆಲಸ, ಅಲ್ವಾ? ಆದರೆ ಇದೇ ಪ್ರಾಂಪ್ಟ್‌ನಲ್ಲಿ ಉಲ್ಟಾ ದಿಕ್ಕಿನ ಒಂದು ತೂತಿದೆ. ಸಾದಾ ಫೈಲನ್ನು ಅದೇ ಡ್ರೈವಿನ ಬೀಗವಿರುವ ಫೋಲ್ಡರಿಗೆ ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಹಾಕಿದರೆ ಅದಕ್ಕೂ ಬೀಗ ಬೀಳುತ್ತದೆ. ಮೂವ್ ಕಮಾಂಡ್ ಕೊಟ್ಟರೆ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಬದಲಾಗುವುದು ಫೈಲಿನ ವಿಳಾಸ ಮಾತ್ರ. ಸ್ಕ್ರಿಪ್ಟ್ ಬರೆದು ಫೈಲ್ ಸಾಗಿಸುವವರು ಕೊನೆಗೊಮ್ಮೆ ಸೈಫರ್ (cipher) ಕಮಾಂಡ್ ಕೊಟ್ಟು ನೋಡಿ. ಫೈಲಿನ ಮುಂದೆ ಇ ಅಂತ ಬಂದರೆ ಬೀಗ ಇದೆ, ಯು ಅಂತ ಬಂದರೆ ಇಲ್ಲ.

ಜಾಸ್ತಿ ಜನ ಗಮನಿಸದ ಇನ್ನೊಂದು ಸಂಗತಿ: ಮೇಲ್‌ಗೆ ಲಗತ್ತಿಸಿದರೆ, ಜಿಪ್ ಮಾಡಿದರೆ ಬೀಗ ಜೊತೆಗೆ ಹೋಗುವುದಿಲ್ಲ. ನಿಮ್ಮ ಹೆಸರಿನಲ್ಲಿ ಓಡುವ ಯಾವ ಆ್ಯಪ್‌ಗೂ ವಿಂಡೋಸ್ ಫೈಲನ್ನು ಬಿಚ್ಚಿಯೇ ಕೊಡುತ್ತದೆ. ಸಾದಾ ನೆಟ್‌ವರ್ಕ್ ಶೇರಿಗೆ ಕಾಪಿ ಮಾಡಿದರೂ ದಾರಿಯಲ್ಲಿ ಹಾಗೆಯೇ ಬಿಚ್ಚಿ ಸಾಗುತ್ತದೆ, ಆ ಸಂಪರ್ಕಕ್ಕೇ ಬೇರೆ ಎನ್‌ಕ್ರಿಪ್ಶನ್ ಇದ್ದರೆ ಮಾತ್ರ ಸುರಕ್ಷಿತ.

ಇನ್ನು ಸರ್ಟಿಫಿಕೇಟ್. ಎನ್‌ಟಿಎಫ್‌ಎಸ್ ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಬೀಗ ಇರುತ್ತದೆ, ಕೀಲಿ ಮಾತ್ರ ಇರುವುದಿಲ್ಲ. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಪ್ರಯೋಜನವಿಲ್ಲ. ಬೀಗ ಹಾಕಿದ ದಿನವೇ ಸರ್ಟಿಫಿಕೇಟನ್ನು ಅದರ ಖಾಸಗಿ ಕೀಲಿ ಸಮೇತ ಎಕ್ಸ್‌ಪೋರ್ಟ್ ಮಾಡಿ, ಬೇರೆ ಕಡೆ ಇಡಿ. ಬೇರೆ ಯಾವ ಸಲಹೆ ಮರೆತರೂ ಇದನ್ನು ಮರೆಯಬೇಡಿ, ದಯವಿಟ್ಟು.

ನನ್ನ ಲೆಕ್ಕದಲ್ಲಿ ಇಎಫ್‌ಎಸ್ ಒಂದೇ ಕಂಪ್ಯೂಟರಿನಲ್ಲಿ ಕೂತಿರುವ ಫೈಲುಗಳಿಗೆ ಸರಿ. ಓಡಾಡುವ ಫೈಲುಗಳಿಗಲ್ಲ. ಬಿಟ್‌ಲಾಕರ್ ಕೂಡ ಇಲ್ಲಿ ನೆರವಾಗುವುದಿಲ್ಲ, ಅದು ಡ್ರೈವಿಗೆ ಹಾಕುವ ಬೀಗ, ಹೊರಗೆ ಕಾಪಿಯಾದ ಫೈಲ್ ಸಾದಾ ಫೈಲೇ. ಕೈಯಿಂದ ಕೈಗೆ ಹೋಗಬೇಕಾದವನ್ನು ನಾನು ಪಾಸ್‌ವರ್ಡ್ ಕೊಟ್ಟ 7-ಜಿಪ್ ಫೈಲಿನಲ್ಲೋ ವೆರಾಕ್ರಿಪ್ಟ್ ಅನ್ನುವ ಆ್ಯಪ್‌ನ ಕಂಟೇನರ್‌ನಲ್ಲೋ (ಒಳಗೆ ಬೇರೆ ಫೈಲುಗಳನ್ನು ತುಂಬಿ ಬೀಗ ಹಾಕಿಡುವ ಒಂದು ಫೈಲ್) ಇಡುತ್ತೇನೆ. ಅವುಗಳ ಬೀಗ ಫೈಲಿನ ಒಳಗೇ ಇರುತ್ತದೆ, ಹಾಗಾಗಿ ಯಾವ ಫೈಲ್ ಸಿಸ್ಟಮ್ ಆದರೂ ನಡೆಯುತ್ತದೆ. ಎಫ್‌ಎಟಿ32ರಲ್ಲಿ ಮಾತ್ರ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಅಷ್ಟು ದೊಡ್ಡ ಕಂಟೇನರ್ ಬೇಕಿದ್ದರೆ ಪೆನ್‌ಡ್ರೈವನ್ನು ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.